ಹತ್ತು ಖೋಲಿ, ಹದಿಮೂರು ಬುಕಿಂಗ್

ಓವರ್‌ಬುಕಿಂಗ್ ಎಂಬ ಶಬ್ದವನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ. ಅಲ್ಲಿ ಕಲಿತದ್ದು ಪ್ರಾಂಶುಪಾಲರ ಹಾಗೆ ಕೆಮ್ಮುವುದು, ಇಂಗ್ಲಿಷ್ ಮೇಡಂ ಹಾಗೆ ಹಾಜರಿ ಕರೆಯುವುದು, ಕ್ಯಾಂಟೀನಿನವನ ಹಾಗೆ ಪುರಿ ಮುಗಿದವು ಎಂದು ಸಂತೋಷದಿಂದ ಹೇಳುವುದು. ಇಷ್ಟು ವಿದ್ಯೆಗೆ ಬಿ.ಕಾಂ. ಎಂಬ ಹೆಸರಿಟ್ಟು ನನ್ನನ್ನು ಹೊರಗೆ ಕಳಿಸಿದರು. ಅದನ್ನು ಹಿಡಿದುಕೊಂಡು ನಾನು ಬಾದಾಮಿಯ ಒಂದು ಲಾಡ್ಜಿನ ಕೌಂಟರಿನಲ್ಲಿ ಹೋಗಿ ಕುಳಿತೆ. ನನ್ನ ಬೆನ್ನ ಹಿಂದೆ ಹತ್ತು ಬೀಗದ ಕೈ ತೂಗುತ್ತಿದ್ದವು, ಮುಂದೆ ಹದಿಮೂರು ಹೆಸರು ಬರೆದ ರಿಜಿಸ್ಟರು ಇತ್ತು. ಮೊದಲ ದಿನ ನಾನು ಮೂರು ಸಲ ಎಣಿಸಿದೆ. ಬಿ.ಕಾಂ. ಮೇಲೆ ನನಗೇ ಅನುಮಾನ ಬಂತು.

ಮ್ಯಾನೇಜರರು ಎಲೆಅಡಿಕೆಯನ್ನು ಎಡಗೆನ್ನೆಗೆ ಸರಿಸಿದರು. ಯಾವ ಮಾತನ್ನೇ ಆಗಲಿ ಅವರು ಶುರುಮಾಡುವುದು ಒಂದೇ ರೀತಿ.

‘ವಿಷಯ ಏನಂದ್ರ, ಮೂರು ಮಂದಿ ಬರೂದಿಲ್ಲ.’

ಬಂದರೆ ಏನು ಮಾಡುವುದು ಎಂದು ಕೇಳಿದೆ.

‘ಬರೂದಿಲ್ಲ ಅಂತ ಹೇಳಿದೆನಲ್ಲಪಾ.’

ಆಮೇಲೆ ನನ್ನ ಮೇಲೆ ಕರುಣೆ ಬಂದು ಬಿಡಿಸಿ ಹೇಳಿದರು. ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಕಿಟಕಿಯಿಂದ ಟವೆಲ್ ಒಳಗೆ ಬೀಳುತ್ತದೆ. ಅದರ ಮೇಲೆ ಇನ್ನೊಬ್ಬರ ಕರವಸ್ತ್ರ, ಅದರ ಮೇಲೆ ಮತ್ತೊಬ್ಬರ ಚೀಲ. ಸೀಟು ಒಂದೇ. ಆದರೆ ಟವೆಲ್ ಹಾಕಿದವನು ಚಹಾ ಕುಡಿಯಲು ಹೋಗಿರುತ್ತಾನೆ, ಕರವಸ್ತ್ರ ಹಾಕಿದವನಿಗೆ ಬೇರೆ ಬಸ್ಸು ಸಿಕ್ಕಿರುತ್ತದೆ. ಕೊನೆಗೆ ಕೂರುವವನು ಒಬ್ಬನೇ. ಆದ್ದರಿಂದ ಸೀಟು ಖಾಲಿ ಹೋಗಬಾರದು ಎನ್ನುವವನು ಟವೆಲ್‌ಗಳಿಗೆ ಬೇಡ ಅನ್ನಬಾರದು. ಓವರ್‌ಬುಕಿಂಗ್ ಅಂದರೆ ಇಷ್ಟೇ: ಬರುತ್ತೇನೆ ಎಂದು ಬಾರದವರ ಮೇಲೆ ಇಟ್ಟ ನಂಬಿಕೆ.

ಅಕಸ್ಮಾತ್ ಹನ್ನೊಂದನೆಯವರು ಬಂದೇ ಬಿಟ್ಟರೆ ಅದಕ್ಕೂ ವ್ಯವಸ್ಥೆ ಇತ್ತು. ಮ್ಯಾನೇಜರರು ಲಾಡ್ಜಿನಲ್ಲಿ ಯಾರೋ ತೀರಿಕೊಂಡಂತೆ ಮುಖ ಮಾಡಿ, ಖೋಲಿಯ ನಳ ಒಡೆದಿದೆ ಎನ್ನುವರು. ನಾನು ಚಹಾ ತರಿಸುವೆ. ಚಹಾ ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಆಟೋ ಬಂದು ನಿಂತು, ಅವರನ್ನು ಮ್ಯಾನೇಜರರ ಷಡ್ಡಕನ ಲಾಡ್ಜಿಗೆ ಒಯ್ಯುವುದು. ಅಲ್ಲಿ ನಳ ನಿಜವಾಗಿಯೂ ಒಡೆದಿತ್ತು.

ಫೋನಿನಲ್ಲಿ ಹುಡುಗನ ದನಿ ಕೇಳಿದರೆ ಗಿರಾಕಿಗಳಿಗೆ ಸಿಟ್ಟು ಹೆಚ್ಚು ಬರುತ್ತದೆ. ಅದಕ್ಕೆ ನಾನು ಮ್ಯಾನೇಜರರ ದನಿಯಲ್ಲೇ ಮಾತಾಡತೊಡಗಿದೆ. ಕೆನ್ನೆಯಲ್ಲಿ ಒಂದು ಪೆಪ್ಪರಮಿಂಟು ಇಟ್ಟುಕೊಂಡು ‘ವಿಷಯ ಏನಂದ್ರ’ ಎಂದರೆ ಮುಗಿಯಿತು, ಆ ಕಡೆಯವರು ತಣ್ಣಗಾಗುವರು. ಒಮ್ಮೆ ಮ್ಯಾನೇಜರರೇ ಹಿಂದೆ ನಿಂತು ಕೇಳಿಸಿಕೊಂಡು, ಹೌದು, ಖರೆ ಅದ ಎಂದು ತಲೆದೂಗಿ ಮುಂದೆ ಹೋದರು. ನನಗೆ ಬಂದ ಅತಿ ದೊಡ್ಡ ಪ್ರಶಸ್ತಿ ಅದು.

ಇಷ್ಟು ತಿಳಿದ ಮೇಲೆ ನಾನು ಸುಮ್ಮನಿರಬೇಕಿತ್ತು. ಆದರೆ ಆ ಶಬ್ದವನ್ನು ಮನೆಗೆ ಒಯ್ದೆ.

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಅಪ್ಪ ಕನ್ನಡ ಮಾಸ್ತರರಾಗಿ ನಿವೃತ್ತರಾದವರು. ನಿವೃತ್ತಿ ಆದದ್ದು ಶಾಲೆಗೆ ಮಾತ್ರ, ಮನೆಯಲ್ಲಿ ಇನ್ನೂ ಪಾಠ ನಡೆದಿದೆ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಹುನಗುಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ವಾರದಲ್ಲಿ ಆರು ದಿನ ಐವತ್ತು ಮಕ್ಕಳನ್ನು ಬೆರಳು ತೋರಿಸಿ ಕೂರಿಸುವ ಅಕ್ಕನನ್ನು ಏಳನೆಯ ದಿನ ನಾವು ಕುರ್ಚಿಯ ಮೇಲೆ ಕೂರಿಸಿ ತೋರಿಸುತ್ತಿದ್ದೆವು.

ಅಂದರೆ ತೋರಿಸಲು ಸಿದ್ಧರಾಗುತ್ತಿದ್ದೆವು. ನೋಡುವವರು ಬಂದರೆ ತಾನೆ. ರವಿವಾರ ಹನ್ನೊಂದಕ್ಕೆ ಕನ್ಯಾ ನೋಡಾಕ ಬರ್ತೀವಿ ಎಂದು ಫೋನು ಬರುವುದು. ಬೆಳಿಗ್ಗೆ ಅಕ್ಕ ಕೆಂಪು ಸೆರಗಿನ ಹಸಿರು ಇಳಕಲ್ ಸೀರೆ ಉಡುವಳು. ಅವ್ವ ಬಾಳೆಹಣ್ಣು ಹಾಕಿ ಶಿರಾ ಮಾಡುವಳು. ಅಪ್ಪ ಕಟ್ಟೆಯ ಮೇಲೆ ಪೇಪರು ಹಿಡಿದು, ಓದುವವರಂತೆ ರಸ್ತೆ ನೋಡುವರು. ಹನ್ನೆರಡಾಗುವುದು, ಒಂದಾಗುವುದು. ಶಿರಾದ ಮೇಲೆ ತುಪ್ಪ ಬೆಳ್ಳಗೆ ಕಟ್ಟುವುದು. ನಾಲ್ಕಕ್ಕೆ ಫೋನು: ಯಾರಿಗೋ ಆರಾಮಿಲ್ಲ, ಗಾಡಿ ಕೆಟ್ಟಿತು, ಮುಂದಿನ ರವಿವಾರ ತಿಳಿಸುತ್ತೇವೆ. ಕೆಲವರದು ಆ ಫೋನೂ ಇಲ್ಲ. ಬಂದುಹೋದ ಒಬ್ಬಿಬ್ಬರು ಎರಡೆರಡು ಸಲ ಶಿರಾ ಹಾಕಿಸಿಕೊಂಡು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ‘ತಿಳಸ್ತೀವ್ರಿ’ ಎಂದಿದ್ದರು. ಏನು ತಿಳಿಸುತ್ತಾರೆಂದು ನಮಗೆ ಇನ್ನೂ ತಿಳಿದಿಲ್ಲ. ಉಳಿದ ಶಿರಾ ಎಲ್ಲ ನನ್ನ ಪಾಲಿಗೆ. ಆ ವರ್ಷ ನನ್ನ ಪ್ಯಾಂಟು ಎರಡು ಸಲ ಬಿಚ್ಚಿ ಹೊಲಿಸಬೇಕಾಯಿತು. ಅಕ್ಕನ ಕನ್ಯಾದರ್ಶನದಿಂದ ಲಾಭವಾದ ಮನುಷ್ಯ ನಾನೊಬ್ಬನೇ.

ಮದುವೆ ಬೇಡ ಎಂದು ಅಕ್ಕ ಎಂದೂ ಹೇಳಿದವಳಲ್ಲ. ಅವಳಿಗೆ ಸಾಕಾಗಿದ್ದದ್ದು ಕಾಯುವುದು. ಕಳೆದ ಚಳಿಗಾಲದ ಒಂದು ರವಿವಾರ, ಮತ್ತೆ ಯಾರೂ ಬಾರದೆ ಹೋದಾಗ, ಅವಳು ಸೀರೆಯ ನೆರಿಗೆ ಬಿಡಿಸಿ ಮಡಚುತ್ತ ಅವ್ವನಿಗೆ ಹೇಳಿದಳು.

‘ಇನ್ನೊಂದ ರವಿವಾರ ಕುಂದರ್ತೇನಿ. ಅವತ್ತೂ ಹಿಂಗ ಆತಂದ್ರ, ಆಮ್ಯಾಲೆ ಯಾರ ಮುಂದನೂ ಕುಂದರೂದಿಲ್ಲ. ಈ ಮಾತ ಮತ್ತ ತಗೀಬ್ಯಾಡ್ರಿ.’

ಅವಳು ಅಳಲಿಲ್ಲ, ದನಿ ಏರಿಸಲಿಲ್ಲ. ವಿಜ್ಞಾನದ ಟೀಚರು ಪರೀಕ್ಷೆಯ ತಾರೀಖು ಹೇಳಿದ ಹಾಗಿತ್ತು. ಅದಕ್ಕೇ ನಮ್ಮ ಮೂವರಿಗೂ ಹೆದರಿಕೆಯಾಯಿತು.

ಮರುದಿನ ಅಕ್ಕ ಶಾಲೆಗೆ ಹೋದ ಮೇಲೆ, ನಾನು ಅಡುಗೆಮನೆಯಲ್ಲಿ ನನ್ನ ವಿದ್ಯೆ ಬಿಚ್ಚಿದೆ. ಉಳಿದದ್ದು ಒಂದೇ ರವಿವಾರ. ಒಬ್ಬರನ್ನೇ ಕರೆದರೆ ಅವರು ಬರುವುದಿಲ್ಲ. ಮೂವರನ್ನು ಕರೆದರೆ ಇಬ್ಬರು ಬರುವುದಿಲ್ಲ, ಒಬ್ಬರು ಬರುತ್ತಾರೆ. ಸೀಟು ಖಾಲಿ ಹೋಗುವುದಿಲ್ಲ. ಅಪ್ಪ ಕನ್ನಡಕ ತೆಗೆದು, ಇದಕ್ಕೆ ಅತಿಕಾಯ್ದಿರಿಸುವಿಕೆ ಎನ್ನಬೇಕೆಂದೂ, ಇದು ಅಧರ್ಮವೆಂದೂ ಹೇಳಿದರು. ಮೊದಲು ಹೆಸರಿಟ್ಟು ಆಮೇಲೆ ಬೈಯುವುದು ಅವರ ಪದ್ಧತಿ. ಅವ್ವ ಮಾತ್ರ ರವೆಯ ಡಬ್ಬಿ ತೆಗೆದು ಎಷ್ಟಿದೆ ಎಂದು ನೋಡಿದಳು. ತೀರ್ಪು ಆಗಿಹೋಯಿತು.

ಮೂರು ಕಡೆಯವರಿಗೂ ಅದೇ ರವಿವಾರ, ಅದೇ ಹನ್ನೊಂದು ಗಂಟೆ. ಹುನಗುಂದದ ಹುಡುಗ ಬ್ಯಾಂಕಿನಲ್ಲಿ ಕ್ಲಾರ್ಕು, ಅವನ ಪರವಾಗಿ ಮಾತಾಡುವವರು ಅವನ ಸೋದರಮಾವ. ಬಾದಾಮಿಯ ಹುಡುಗನ ಮನೆಯವರು ಸಿಮೆಂಟು, ಕಬ್ಬಿಣ ಮಾರುವವರು, ಕಾರು ಇದೆ, ಅದನ್ನು ಮೊದಲು ಹೇಳುತ್ತಾರೆ. ಇಳಕಲ್‌ನ ಹುಡುಗ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಸೂಪರ್‌ವೈಜರು, ತಂದೆ ಇಲ್ಲ, ತಾಯಿ ಮತ್ತು ಅವನು ಇಬ್ಬರೇ. ಅಕ್ಕನಿಗೆ ಮಾತ್ರ ನಾವು ಒಂದೇ ಮನೆಯವರು ಬರುತ್ತಾರೆ ಎಂದೆವು. ಯಾವ ಊರಿನವರು ಎಂದು ಅವಳು ಕೇಳಿದಾಗ ಅವ್ವ ಕೆಮ್ಮಿದಳು. ನಾನು ಕೆಮ್ಮುವುದನ್ನು ಎಲ್ಲಿಂದ ಕಲಿತೆ ಎಂದು ಆಗ ತಿಳಿಯಿತು.

ಯೋಜನೆಯಲ್ಲಿ ನಾನು ಒಂದನ್ನು ಮರೆತಿದ್ದೆ. ಇಳಕಲ್‌ನಿಂದ ಬಾಗಲಕೋಟೆಗೆ ಬರುವ ಬಸ್ಸು ಹುನಗುಂದದ ಮೇಲೇ ಬರುತ್ತದೆ. ದಿನಾ ಅದೇ ರಸ್ತೆಯಲ್ಲಿ ಅಕ್ಕ ಓಡಾಡುವ ಮನೆಯಲ್ಲಿ ಕುಳಿತು ಇದನ್ನು ಮರೆಯಲು ಬಿ.ಕಾಂ. ಆಗಿರಬೇಕು.

ನಂತರ ತಿಳಿದದ್ದು ಇದು. ಇಳಕಲ್‌ನ ತಾಯಿ ಮೂರು ಜನರ ಸೀಟಿನ ಮೇಲೆ ಟವೆಲ್ ಹಾಸಿ ಮಗನೊಂದಿಗೆ ಕೂತಿದ್ದರು. ಹುನಗುಂದದಲ್ಲಿ ಹತ್ತಿದ ಸೋದರಮಾವನಿಗೆ ನಿಲ್ಲಲು ಆಗಲಿಲ್ಲ. ಆ ತಾಯಿ ಟವೆಲ್ ಎತ್ತಿ ಜಾಗ ಮಾಡಿಕೊಟ್ಟರು. ಸೋದರಳಿಯ, ಬ್ಯಾಂಕಿನ ಹುಡುಗ, ಕಂಬಿ ಹಿಡಿದು ನಿಂತ. ಕಮತಗಿ ದಾಟುವ ತನಕ ಇಬ್ಬರೂ ಸೇಂಗಾ ತಿಂದರು. ಎಲ್ಲಿಗೆ ಎಂದು ಇವರು, ನವನಗರಕ್ಕೆ ಎಂದು ಅವರು. ಯಾಕೆ ಎಂದು ಇವರು, ಕನ್ಯಾ ನೋಡಲು ಎಂದು ಅವರು. ನಾವೂ ಅದಕ್ಕೇ ಎಂದು ಇಬ್ಬರಿಗೂ ಸಂತೋಷ. ಇಳಿದ ಮೇಲೆ ಒಂದೇ ಆಟೋ ಹಿಡಿದರೆ ಆಯಿತು ಎಂದು ಮಾತಾಯಿತು. ಸೆಕ್ಟರು ಒಂದೇ ಎಂದಾಗ ನಕ್ಕರು. ಅಡ್ಡರಸ್ತೆ ಒಂದೇ ಎಂದಾಗ ನಗು ಸಣ್ಣದಾಯಿತು. ಆಟೋ ನಮ್ಮ ಮನೆಯ ಮುಂದೆ ನಿಂತಾಗ ನಾಲ್ವರೂ ಇಳಿದು, ನೀವು ಮುಂದೆ ಹೋಗಿ ಎಂದು ಒಬ್ಬರಿಗೊಬ್ಬರು ಕಾಯುತ್ತ ನಿಂತರು. ಯಾರೂ ಮುಂದೆ ಹೋಗಲಿಲ್ಲ.

ನಾನು ಕಿಟಕಿಯಿಂದ ನೋಡಿದೆ. ಇಬ್ಬರನ್ನು ಹೇಗೋ ಸಂಭಾಳಿಸಬಹುದು, ಮೂರನೆಯವರನ್ನಾದರೂ ತಡೆಯಬೇಕು ಎಂದು ಹಿತ್ತಿಲಿಗೆ ಓಡಿ, ಅಪ್ಪನ ದನಿ ತಂದುಕೊಂಡು ಬಾದಾಮಿಯ ಹಿರಿಯರಿಗೆ ಫೋನು ಹಚ್ಚಿದೆ. ಅಪ್ಪನ ದನಿ ಸುಲಭ. ಮೊದಲು ಗಂಟಲು ಸರಿಪಡಿಸಬೇಕು, ಆಮೇಲೆ ಪ್ರತಿ ಶಬ್ದಕ್ಕೂ ಅಂಕ ಕೊಡುವವರ ಹಾಗೆ ಮಾತಾಡಬೇಕು. ದಯವಿಟ್ಟು ಸಂಜಿ ನಾಕಕ್ಕ ಬರಬೇಕು, ಈಗ ಮನಿಯಾಗ ಸ್ವಲ್ಪ ಅಡಚಣಿ ಅದ ಎಂದೆ. ಆ ಕಡೆಯಿಂದ ಬಾದಾಮಿಯ ಹಿರಿಯರೇ ಮಾತಾಡಿದರು.

‘ಮಾಸ್ತರ, ನೀವು ನನ್ನ ಮುಂದನ ಕುಂತೀರಿ. ನಿಮ್ಮ ಬಾಯಿನೂ ಅಲಗಾಡವಲ್ದು.’

ನಾನು ಹಿತ್ತಿಲಲ್ಲಿ ದನಿ ಸರಿಮಾಡಿಕೊಳ್ಳುವಷ್ಟರಲ್ಲಿ ಅವರ ಕಾರು ಮುಂಬಾಗಿಲಿಗೆ ಬಂದು, ಅವರು ಒಳಗೆ ಕೂತೂ ಆಗಿತ್ತು. ಅವರು ಫೋನನ್ನು ಸ್ಪೀಕರಿಗೆ ಹಾಕಿದ್ದರು. ನನ್ನ ದನಿ ನಡುಮನೆಯಲ್ಲೂ ಕೇಳುತ್ತಿತ್ತು, ಹಿತ್ತಿಲಲ್ಲೂ ಕೇಳುತ್ತಿತ್ತು. ಅಪ್ಪ ತಮ್ಮ ದನಿಯನ್ನು ತಾವೇ ಕೇಳುತ್ತ ಕುರ್ಚಿಯಲ್ಲಿ ಕೂತಿದ್ದರಂತೆ. ನಾನು ‘ದಯವಿಟ್ಟು’ ಎಂದ ರೀತಿ ಮಾತ್ರ ಸರಿ ಇರಲಿಲ್ಲ ಎಂದು ವಾರದ ಮೇಲೆ ಹೇಳಿದರು.

ನಡುಮನೆಗೆ ಬಂದಾಗ ಮೂರು ಮನೆಯ ಜನ ನಾಲ್ಕು ಕುರ್ಚಿಗಳ ಸುತ್ತ ಇದ್ದರು. ಇಳಕಲ್‌ನ ಹುಡುಗ ಕುರ್ಚಿ ಬಿಟ್ಟು ಬಾಗಿಲ ಬಳಿ ನಿಂತಿದ್ದ. ಬ್ಯಾಂಕಿನವನು ಫೋನು ನೋಡುತ್ತಿದ್ದ, ಕಾರಿನವನು ಕಾರು ನೋಡುತ್ತಿದ್ದ. ಹುನಗುಂದದ ಸೋದರಮಾವನಿಗೆ ಮಾತು ಮೂಗಿನಿಂದ ಬರುತ್ತದೆ, ಸಿಟ್ಟು ಬಂದಾಗ ಇನ್ನಷ್ಟು. ಅಪ್ಪನ ಮುಂದೆ ಬೆರಳು ಆಡಿಸುತ್ತ ಹೇಳಿದರು.

‘ಮನಿ ಅಂತ ಬಂದ್ರ ಲಾಡ್ಜ್ ಮಾಡಿಟ್ಟೀರಲ್ರಿ ಮಾಸ್ತರ. ಒಂದ ಕನ್ಯಾಕ್ಕ ಮೂರು ಮಂದಿ ಕರಿಯೂದು ಎಲ್ಲಿ ಪದ್ಧತಿರಿ? ನಮಗ ಮರ್ಯಾದಿ ಇಲ್ಲೇನು?’

ಅಪ್ಪ ನಲವತ್ತು ವರ್ಷ ಮಾತಾಡಿ ಬದುಕಿದವರು. ಆವತ್ತು ಕನ್ನಡಕ ತೆಗೆದು ಒರೆಸುತ್ತ ಕೂತರು. ನಾನು ಹೇಳಬೇಕಿತ್ತು, ಇದು ನನ್ನ ಕೆಲಸ ಎಂದು. ಇಷ್ಟು ಜನರ ದನಿ ಬರುವ ಗಂಟಲಿನಿಂದ ಒಂದೂ ಬರಲಿಲ್ಲ.

ಆಗ ಅಕ್ಕ ಶಿರಾದ ಟ್ರೇ ಹಿಡಿದು ಒಳಗಿನಿಂದ ಬಂದಳು. ಅವಳಿಗೆ ಗೊತ್ತಿದ್ದದ್ದು ಒಂದು ಮನೆ, ಕಂಡದ್ದು ಮೂರು. ಅವಳು ನನ್ನ ಕಡೆ ನೋಡಿದ್ದು ಒಂದೇ ಕ್ಷಣ. ಆ ನೋಟ ಬರೆಯಲು ಬರುವುದಿಲ್ಲ, ಇದ್ದ ಒಂದು ರವಿವಾರವನ್ನೂ ನಾನು ತಿಂದುಹಾಕಿದ್ದೆ ಅಷ್ಟೆ. ಟ್ರೇ ಇಟ್ಟು ಒಳಗೆ ಹೋಗಿಬಿಡುತ್ತಾಳೆ ಎಂದುಕೊಂಡೆ. ಸೋದರಮಾವ ಹೊರಡಲು ಎದ್ದು, ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದರು. ಅದರ ಜೊತೆ ಮಡಚಿದ ಒಂದು ಲಗ್ನಪತ್ರಿಕೆ ಜಾರಿ ಅಕ್ಕನ ಕಾಲ ಹತ್ತಿರ ಬಿತ್ತು. ಎತ್ತಿ ಕೊಡಲು ಅವಳು ಬಗ್ಗಿದಳು. ಪತ್ರಿಕೆಯ ಬೆನ್ನ ಮೇಲೆ ಪೆನ್ನಿನಿಂದ ಏನೋ ಬರೆದಿತ್ತು. ಟೀಚರು, ಬರೆದದ್ದನ್ನು ಓದದೆ ಕೊಟ್ಟು ರೂಢಿ ಇಲ್ಲ.

ಗಟ್ಟಿಯಾಗಿ ಓದಿದಳು. ಸೋದರಮಾವನ ದನಿಯಲ್ಲೇ, ಮೂಗಿನಿಂದ.

‘ಬಾಗಲಕೋಟಿ, ಮಾಸ್ತರ ಮಗಳು, ಹನ್ನೊಂದು. ಶಿರೂರ, ಎರಡ. ಬಾದಾಮಿ, ನಾಕೂವರಿ. ಹೊತ್ತಾದ್ರ ಬಾದಾಮಿ ಬಿಡೂದು.’

ಆಮೇಲೆ ತನ್ನ ದನಿಯಲ್ಲಿ ಕೇಳಿದಳು.

‘ಬಾದಾಮಿ ಹುಡುಗಿ ಎಷ್ಟರ ತನಕ ಸೀರಿ ಉಟ್ಟು ಕುಂದರಬೇಕ್ರಿ ಕಾಕಾ?’

ಬಾದಾಮಿಯ ಹಿರಿಯರ ಕೈ ತಾನಾಗಿ ತಮ್ಮ ಅಂಗಿಯ ಜೇಬಿನ ಮೇಲೆ ಹೋಗಿ ಅಲ್ಲೇ ಉಳಿಯಿತು. ಆಗ ನನಗೆ ನಮ್ಮ ಖಾಲಿ ರವಿವಾರಗಳ ಲೆಕ್ಕವೆಲ್ಲ ತಿಳಿಯಿತು. ಗಾಡಿ ಕೆಟ್ಟಿರಲಿಲ್ಲ, ಯಾರಿಗೂ ಆರಾಮ ತಪ್ಪಿರಲಿಲ್ಲ. ನಾವು ಯಾರದೋ ಚೀಟಿಯ ಕೊನೆಯ ಸಾಲು ಆಗಿದ್ದೆವು. ಓವರ್‌ಬುಕಿಂಗ್ ನಾನು ಕಂಡುಹಿಡಿದ ಚಮತ್ಕಾರ ಎಂದುಕೊಂಡಿದ್ದೆನಲ್ಲ, ಇವರು ತಲೆಮಾರಿನಿಂದ ಲಗ್ನಪತ್ರಿಕೆಯ ಬೆನ್ನ ಮೇಲೆ ನಡೆಸಿಕೊಂಡು ಬಂದಿದ್ದರು. ನಾನು ಅವರ ವ್ಯಾಪಾರಕ್ಕೆ ಇಂಗ್ಲಿಷ್ ಹೆಸರು ತಂದವನು ಮಾತ್ರ.

ಇಳಕಲ್‌ನ ತಾಯಿ ಮೆಲ್ಲಗೆ, ನಮಗ ಇದೊಂದ ಮನಿ ಇತ್ತವ್ವಾ ಎಂದರು. ಮಗನಿಗೆ ತಿಂಗಳಿಗೆ ಒಂದೇ ರವಿವಾರ ರಜೆಯಂತೆ.

ಅಕ್ಕ ಎಲ್ಲರಿಗೂ ಶಿರಾ ಹಂಚಿದಳು. ಬಿಸಿ ಇರುವಾಗಲೇ ತಿನ್ನಬೇಕು, ಇದು ತಣ್ಣಗಾದರೆ ಹೇಗಿರುತ್ತದೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು ಎಂದಳು. ಕನ್ಯೆ ಮಾತ್ರ ಇವತ್ತು ನೋಡಲು ಸಿಗುವುದಿಲ್ಲ ಎಂದೂ ಸೇರಿಸಿದಳು. ಆಮೇಲೆ ಇಳಕಲ್‌ನ ತಾಯಿಯ ಕಡೆ ತಿರುಗಿದಳು.

‘ಮುಂದಿನ ರಜಾದಾಗ ನಾನ ನೋಡಾಕ ಬರ್ತೇನ್ರಿ. ಹನ್ನೊಂದಕ್ಕ. ಬರ್ತೇನಿ ಅಂದ್ರ ಬರ್ತೇನಿ.’

ಅವರೆಲ್ಲ ಹೋದ ಮೇಲೆ ಅಪ್ಪ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಅಕ್ಕ ನಡುಮನೆಯ ಮಧ್ಯೆ ಒಂದು ಕುರ್ಚಿ ಹಾಕಿ ಅದರ ಮೇಲೆ ನನ್ನನ್ನು ಕೂರಿಸಿದಳು. ಎದುರಿಗೆ ತಾನು, ಅವ್ವ, ಅಪ್ಪ. ಅಕ್ಕನ ಬಾಯಿಂದ ಸೋದರಮಾವನ ದನಿ ಮತ್ತೆ ಬಂತು. ಹುಡುಗನಿಗೆ ಅಡುಗೆ ಬರುತ್ತದೇನು? ನಡೆದು ತೋರಿಸಲಿ. ಬಣ್ಣ ಸ್ವಲ್ಪ ಕಡಿಮೆ ಆಯಿತಲ್ಲ. ಇಷ್ಟು ದಪ್ಪ ಯಾಕೆ? ನಾನು ನಗುತ್ತಲೇ ಶುರುಮಾಡಿದೆ. ಐದನೆಯ ಪ್ರಶ್ನೆಗೆ ಕೈ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ, ಮೊಣಕಾಲ ಮೇಲೆ ಇಟ್ಟುಕೊಂಡು ನೆಲ ನೋಡತೊಡಗಿದೆ. ಎಲ್ಲ ಹುಡುಗಿಯರೂ ಹಾಗೆ ನೆಲ ನೋಡುವುದನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ ನಟಿಸಿ ಚಪ್ಪಾಳೆ ಹೊಡೆಸಿಕೊಂಡಿದ್ದೆ. ನೆಲದಲ್ಲಿ ಏನೂ ಇರುವುದಿಲ್ಲ. ಬೇರೆ ನೋಡಲು ಜಾಗ ಇರುವುದಿಲ್ಲ, ಅಷ್ಟೆ. ಕೊನೆಗೆ ಅಕ್ಕ ಎದ್ದು ಸೆರಗು ಕೊಡವಿ ‘ತಿಳಸ್ತೀವ್ರಿ’ ಎಂದಳು. ಅಪ್ಪ ಮೊದಲ ಸಲ ನಕ್ಕರು.

ಮುಂದಿನ ತಿಂಗಳು ಅಕ್ಕ, ಅವ್ವ, ನಾನು ಇಳಕಲ್‌ಗೆ ಹೋದೆವು. ಅಪ್ಪ ಬರಲಿಲ್ಲ. ಅವರಿಗೆ ಇದಕ್ಕೆ ಇನ್ನೂ ಹೆಸರು ಸಿಕ್ಕಿರಲಿಲ್ಲ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಬಾಗಿಲಲ್ಲಿದ್ದೆವು. ತಾಯಿ ಕಟ್ಟೆಯ ಮೇಲೇ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. ಹುಡುಗ ಇಸ್ತ್ರಿ ಮಾಡಿದ ಅಂಗಿ ಹಾಕಿ ಕುರ್ಚಿಯ ತುದಿಯಲ್ಲಿ ಕೂತ. ಉಗುರುಗಳ ಸಂದಿಯಲ್ಲಿ ಕಲ್ಲಿನ ಬಿಳಿ ಪುಡಿ ಉಳಿದಿತ್ತು. ಅವನೂ ನೆಲ ನೋಡುತ್ತಿದ್ದ. ನನಗೆ ಅವನ ಮೇಲೆ ಪ್ರೀತಿ ಬಂತು.

ಅಕ್ಕ ಪಗಾರ ಕೇಳಲಿಲ್ಲ. ಕೇಳಿದ್ದು ಒಂದೇ.

‘ಬರ್ತೀವಿ ಅಂತ ಹೇಳಿ ಯಾರ ಮನಿಗರೆ ಹೋಗದ ಬಿಟ್ಟೀರೇನು?’

ತಾಯಿ ಇಲ್ಲವ್ವಾ ಎನ್ನುವಷ್ಟರಲ್ಲಿ ಮಗ ತಲೆ ಎತ್ತಿದ.

‘ಹೌದ್ರಿ, ಒಮ್ಮೆ. ಕಮತಗಿಗೆ. ರಜಾ ಕೊಡಲಿಲ್ಲ. ಫೋನ್ ಮಾಡಾಕ ನಾಚ್ಕಿ ಆತು. ಮರುದಿನ ಮಾಡೂನು ಅಂದ್ರ, ನಿನ್ನೆ ಮಾಡಲಿಲ್ಲಲ್ಲ ಅಂತ ಮತ್ತ ನಾಚ್ಕಿ.’

‘ಅವರು ಕಾದಿರಬೇಕು.’

‘ಹೌದ್ರಿ. ನೆನಪಾಗ್ತದ.’

ಅಕ್ಕ ಶಿರಾ ಪೂರ್ತಿ ತಿಂದಳು. ಸಕ್ಕರೆ ಎಷ್ಟಿತ್ತೆಂದರೆ ನಾನೇ ಅರ್ಧ ಬಿಟ್ಟೆ. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಯಾರ ದನಿಯೂ ಅಲ್ಲದ ತನ್ನ ದನಿಯಲ್ಲಿ, ‘ತಿಳಸ್ತೀವ್ರಿ’ ಎಂದಳು. ತಾಯಿಯ ಮುಖ ಬಾಡಿತು. ಆ ಶಬ್ದದ ಅರ್ಥ ಅವರಿಗೂ ಗೊತ್ತು. ಅವ್ವ ನನ್ನ ತೋಳು ಚಿವುಟಿದಳು, ಯಾಕೆ ನನ್ನದು ಎಂದು ಗೊತ್ತಿಲ್ಲ.

ಬಸ್ಸು ಹುನಗುಂದ ದಾಟಿತು. ಅಕ್ಕನ ಶಾಲೆಯ ಕಂಪೌಂಡು ಹಿಂದೆ ಸರಿಯಿತು. ಅವಳು ಚೀಲದಿಂದ ಫೋನು ತೆಗೆದು ಇಳಕಲ್‌ಗೆ ಹಚ್ಚಿದಳು. ಮನೆ ಮುಟ್ಟುವ ತನಕ ತಡಿಯವ್ವಾ ಎಂದು ಅವ್ವ ಪಿಸುಗುಟ್ಟಿದಳು. ಬಸ್ಸಿನ ಸದ್ದಿನಲ್ಲಿ ನನಗೆ ಈ ಕಡೆಯದು ಮಾತ್ರ ಕೇಳಿತು.

‘ನಾನ್ರಿ. ಬಸ್ಸಿನ್ಯಾಗ ಅದೇನಿ. ತಿಳಸ್ತೀವಿ ಅಂದಿದ್ನೆಲ್ಲ, ತಿಳಸಾಕತ್ತೇನಿ. ನನ್ನ ಕಡಿಂದ ಹೌದ್ರಿ. ನಿಮ್ಮ ಕಡಿಂದ ನೀವು ಹೇಳ್ರಿ. ಫೋನ್ ಇಡೂದಿಲ್ಲ, ಕಾಯ್ತೇನಿ.’

ಕಾದಳು. ನಾನು ಎದುರು ಸೀಟಿನ ಹಿಂಬದಿಯಲ್ಲಿ ಯಾರೋ ಗೀಚಿದ ಹೃದಯವನ್ನು ಓದುತ್ತ ಕೂತೆ. ಒಂದು ರವಿವಾರಕ್ಕಿಂತ ಅದು ಸಣ್ಣ ಕಾಯುವಿಕೆ, ಆದರೂ ಉದ್ದ. ಆಮೇಲೆ ಅಕ್ಕ ‘ಹ್ಞೂಂ’ ಎಂದು, ಕಿಟಕಿಯ ಕಡೆ ಮುಖ ಮಾಡಿದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಧೂಳು ಎಂದಳು. ಕಿಟಕಿ ಮುಚ್ಚಿತ್ತು.

ಸೋಮವಾರ ಲಾಡ್ಜಿಗೆ ಹೋದಾಗ ರಿಜಿಸ್ಟರಿನಲ್ಲಿ ಹತ್ತು ಹೆಸರು ಆಗಿದ್ದವು. ಫೋನು ಬಂತು. ಮಕ್ಕಳನ್ನು ಕರೆದುಕೊಂಡು ಗುಹೆ ನೋಡಲು ಬರುವ ಸಂಸಾರ, ಒಂದು ಖೋಲಿ ಬೇಕಿತ್ತು. ಪೆಪ್ಪರಮಿಂಟು ಬಾಯಿಯಲ್ಲಿಟ್ಟವನು ಉಗುಳಿ, ಖೋಲಿ ಇಲ್ರಿ, ಸುಳ್ಳ ಹೇಳಿ ಕರಿಸೂದಿಲ್ಲ ಎಂದೆ. ಮ್ಯಾನೇಜರರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

‘ಅದು ಯಾರ ದನಿ ಮಾಡಿದಿಲೇ?’

ನನ್ನದೇ ಎಂದೆ. ಅವರು ಎಲೆಅಡಿಕೆಯನ್ನು ಎಡಗೆನ್ನೆಗೆ ಸರಿಸಿದರು.

‘ವಿಷಯ ಏನಂದ್ರ, ಅದೇನು ಚಲೋ ಇಲ್ಲ. ಬ್ಯಾರೆ ಯಾರದರೆ ಮಾಡು.’